ಕೆರೆಯ ಚಿಪ್ಪು ಉಳಿಸಿದ ದಸ್ತಗೀರ್ ಸಾಹೇಬರು

ಕೆರೆಗಳಲ್ಲಿ ಮೀನು ಸಾಕಿದವರನ್ನು ನಾಡು ಬಲ್ಲದು. ಕಪ್ಪೆಚಿಪ್ಪನ್ನೂ ಬೆಳೆಯಂತೆ ಕಾಪಾಡಿ, ಹದವರಿತು ತೆಗೆಯಬಹುದೆಂದು ರಾಯಚೂರು ಸೀಮೆಗೆ ತೋರಿಸಿಕೊಟ್ಟವರು, ಈ ೧೯೮೭ರಲ್ಲಿ ಸೇವೆಯಿಂದ ನಿವೃತ್ತರಾಗುತ್ತಿರುವ ಮೀನುಗಾರಿಕೆ ಮೇಲ್ವಿಚಾರಕ ಶ್ರೀ ಗುಲಾಮ್ ದಸ್ತಗೀರ್ ಅವರು.

೧೯೭೬ರಲ್ಲಿ ಅವರು ದೇವದುರ್ಗಕ್ಕೆ ಬಂದಾಗ ಮಸರಕಲ್ ಕಡೆಯ ಕೆರೆಯೊಂದರಲ್ಲಿ ಹದಿನಾಲ್ಕು ಮನೆತನಗಳು ಚಿಪ್ಪು ಆಯ್ದು ಸುಣ್ಣದ ಭಟ್ಟಿಗೆ ಮಾರಿ ಬದುಕುತ್ತಿದ್ದವು. ಎಳೆಯವನ್ನೂ ಬಿಡದೆ ಬಾಚುತ್ತಿದ್ದುದರಿಂದ ವರ್ಷವರ್ಷಕ್ಕೆ ಬುಟ್ಟಿ ಹಗುರಾಗುತ್ತಿತ್ತು. ಸಣ್ಣವನ್ನು ಬಿಡಿರೆಂದು ದಸ್ತಗೀರರು ಹೇಳಿದರೆ, ಆಯುವವರಲ್ಲಿ ಹಿರಿಯರಾದ ಮಹಾಂತಮ್ಮನವರು ನಕ್ಕುಬಿಟ್ಟರು: "ನಾ ಬಿಟ್ಟಿದ್ದು ನಾಳಿ ಮತ್ತೊಬ್ಬಾಕಿ ಒಯ್ತಾಳ್ರಿ, ಸಾಹೇಬ್ರ." ಮಾತು ಸರಿಯೆಂದು ಒಪ್ಪಿದ ಅವರು ದಂಡೆಯಂಚಿನ ನೀರಿನಲ್ಲಿ ಗಡಿಗುರುತಿಗೆ ಬಿದಿರು ನೆಟ್ಟು, ಮನೆಗೊಂದು ಪಾಲು ಹಂಚಿ, ಎಳೆಯ ಚಿಪ್ಪುಗಳನ್ನು ಅಲ್ಲಿ ಬಿಡಿಸಿದರು.

ಮುಂದಿನ ಬೇಸಿಗೆಯಲ್ಲಿ ನೀರು ಇಳಿಯಿತು. ಕಾದ ಕೆಸರಿನಲ್ಲಿ ಅಷ್ಟೂ ಸತ್ತು ಬಾಯಿ ತೆರೆದವು. ಮೂಗು ಮುಚ್ಚಿ ನಿಂತ ಹೆಂಗಸರೆದುರು ಅವರು ನೆಪ ಹುಡುಕಲಿಲ್ಲ. "ತಪ್ಪು ನಂದೇ ಅದ, ಯವ್ವಾ. ನಡುನೀರಾಗ ಬಿಡಬೇಕಿತ್ತು, ದಂಡ್ಯಾಗ ಬಿಡಿಸಿದೆ" ಎಂದರು. ಬರವೇ ಕಾರಣವೆಂದು ಬರೆದರೆ ಬಡ್ತಿ ಉಳಿಯುತ್ತದೆಂದು ಮೇಲಧಿಕಾರಿಯೊಬ್ಬರು ಸೂಚಿಸಿದರೂ, ವರದಿಯಲ್ಲಿಯೂ ತಮ್ಮ ತಪ್ಪನ್ನೇ ಬರೆದರು. ಬಡ್ತಿ ತಪ್ಪಿತು, ಮಾನ್ವಿಗೆ ವರ್ಗವಾಯಿತು. ಹದಿನಾಲ್ಕು ಮನೆಗಳ ಒಂದು ವರ್ಷ ತಮ್ಮಿಂದ ಹಾಳಾಯಿತೆಂಬ ಕೊರಗಿನಲ್ಲಿ ಅವರಿಗೆ ಎಷ್ಟೋ ದಿನ ಊಟ ಸೇರುತ್ತಿರಲಿಲ್ಲವೆಂದು ಪತ್ನಿ ಜಾಹೆದಾ ಬೇಗಂ ನೆನೆಯುತ್ತಾರೆ.

೧೯೮೦ರ ಒಂದು ಮಧ್ಯಾಹ್ನ ಮಹಾಂತಮ್ಮನವರು ಒದ್ದೆ ಗೋಣಿಚೀಲ ಹೊತ್ತು ಮಾನ್ವಿಯ ಕಚೇರಿಗೆ ಬಂದು, ಅಂಗೈಯಗಲದ ಜೀವಂತ ಚಿಪ್ಪುಗಳನ್ನು ನೆಲಕ್ಕೆ ಸುರಿದರು.

"ಎಲ್ಲಿವು ಇವು, ಯವ್ವಾ?" ಎಂದರು ದಸ್ತಗೀರರು.

"ನಮ್ಮ ಕೆರೀವೇ ರೀ. ಎಲ್ಲಿ ತಪ್ಪಾತು ಅಂತ ನೀವು ಹೇಳಿ ಹೋದ್ರಿ, ನಾವು ನಡುನೀರಿಗೆ ಬಿದಿರು ನೆಟ್ವಿ. ಬರಗಾಲ ಅಂದು ಹೋಗಿದ್ರ, ಮುಗಿಲು ನೋಡ್ಕೋಂತ ಕುಂದರ್ತಿದ್ವಿ."

ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಬಳಿಕ ಆಕೆಯನ್ನು ಕುರ್ಚಿಯಲ್ಲಿ ಕೂರಿಸಿ, ಎಷ್ಟು ಆಳ, ಎಷ್ಟು ಅಂತರವೆಂದು ಕೇಳಿ ಕೇಳಿ ಬರೆದುಕೊಂಡರು. ಆ ಕ್ರಮವೇ ಮುಂದೆ ಮಾನ್ವಿ ಭಾಗದ ಎರಡು ಕೆರೆಗಳಿಗೆ ಹಬ್ಬಿತು. ಎಳೆಯದನ್ನು ಮುಟ್ಟಬಾರದೆಂಬ ಕಟ್ಟನ್ನು ಈಗ ಹೆಂಗಸರೇ ಕಾಯುತ್ತಾರೆ.

ರಾಯಚೂರಿನಲ್ಲಿ ನೆಲೆಸಲಿರುವ ದಸ್ತಗೀರರಿಗೆ ದೀರ್ಘಾಯುಷ್ಯ ಕೋರುವವರಲ್ಲಿ ಆ ಹದಿನಾಲ್ಕು ಮನೆಗಳವರೂ ಇದ್ದಾರೆ. ಆದರೆ ವಿಶ್ರಾಂತಿಯನ್ನು ಅವರು ಹಾರೈಸಿಲ್ಲ: ಮುಂದಿನ ತಿಂಗಳು ಹೊಸ ಕೆರೆಯ ಆಳ ಅಳೆಯಬೇಕಾಗಿದೆ, ಸಾಹೇಬರೇ ಬರಬೇಕೆಂದು ಈಗಾಗಲೇ ಹೇಳಿಕಳಿಸಿದ್ದಾರೆ.