ಮೈಸೂರಿನಿಂದ ಬಂದ ಡೆಲವೇರ್

“ಆಂಟಿ, ಡೆಲವೇರ್ ಬಂದಿದೆ! ವೋಟಿಂಗ್ ಮುಗಿದ್ಹೋಯ್ತಾ?”

ಪರದೆಯ ಮೇಲೆ ಅದಿತಿಯ ಮುಖ ಮೂಡಿತು. ಅಮೆರಿಕದ ಲೊಂಬಾರ್ಡ್ ಊರಿನ ನಮ್ಮ ಮನೆಯಿಂದ ನಾನು ಏಳನೇ ತರಗತಿಯ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಈ ದೇಶದ ಆರಂಭದ ಇತಿಹಾಸ ಕಲಿಸುತ್ತೇನೆ. ಅಂದು ಹದಿಮೂರು ಮಕ್ಕಳು ಹದಿಮೂರು ವಸಾಹತುಗಳಾಗಿ, ಬ್ರಿಟನ್ನಿನಿಂದ ಸ್ವಾತಂತ್ರ್ಯ ಬೇಕೇ ಬೇಡವೇ ಎಂದು ವೋಟು ಹಾಕಬೇಕಿತ್ತು. ಆ ವಸಾಹತುಗಳಲ್ಲೊಂದಾದ ಡೆಲವೇರ್ ಪಾತ್ರ ಅದಿತಿಯದು. ಆದರೆ ಇಲ್ಲಿಯದೇ ಇನ್ನೊಂದು ಊರಾದ ಆಬರ್ನ್ ಹಿಲ್ಸ್‌ನಲ್ಲಿ ಅವಳಪ್ಪನ ಕೆಲಸ ಹೋಗಿ, ವೀಸಾವೂ ಉಳಿಯದೆ, ಕೆಲವೇ ವಾರಗಳ ಹಿಂದೆ ಮನೆಮಂದಿಯೆಲ್ಲ ಮೈಸೂರಿಗೆ ಮರಳಿದ್ದರು.

ನಮಗೆ ಸಂಜೆ, ಅವಳಿಗೆ ಮರುದಿನದ ಬೆಳಗು. ಹೊಸ ಶಾಲೆಯ ಯೂನಿಫಾರ್ಮ್ ತೊಟ್ಟು ಕೂತಿದ್ದಳು. ಹಿಂದಿನಿಂದ ಅಜ್ಜಿ ಜಡೆ ಹಾಕುತ್ತಿದ್ದರು. ಇಲ್ಲೇ ಪಕ್ಕದ ಬೀದಿಯ ಮಕ್ಕಳು ಕ್ಯಾಮೆರಾ ಆನ್ ಮಾಡುವುದಕ್ಕೇ ನನ್ನನ್ನು ಗೋಳಾಡಿಸುತ್ತಾರೆ.

“ನೀನು ಬರಲ್ಲ ಅಂದ್ಕೊಂಡಿದ್ದೆ ಪುಟ್ಟಿ,” ಎಂದೆ.

“ಆ ಡೆಲವೇರ್ ಅಂಕಲ್ ಮಳೇಲಿ ರಾತ್ರಿಯೆಲ್ಲಾ ಕುದುರೆ ಓಡಿಸ್ಕೊಂಡು ಬಂದು ವೋಟ್ ಮಾಡಿದ್ರು ಅಂತ ನೀವೇ ಹೇಳಿದ್ರಲ್ಲ!”

ವೋಟಿಂಗ್ ಅವಳ ಸರದಿಗೆ ಬಂದಾಗ ಡೆಲವೇರ್ ಎಂದು ಕರೆದೆ. ಅವಳ ಕೈ ಮೇಲೆದ್ದಿತು. “ಅಲ್ಲಾಡ್ಬೇಡ್ವೇ, ಜಡೆ ಬಿಚ್ಚೋಗತ್ತೆ,” ಎಂದು ಅಜ್ಜಿ ಗದರಿದರು. ಕೈ ಕೆಳಗಿಳಿಯಲಿಲ್ಲ.

“ಡೆಲವೇರ್, ಯೆಸ್!”

ತನ್ನನ್ನು ಉಳಿಸಿಕೊಳ್ಳದ ದೇಶದ ಸ್ವಾತಂತ್ರ್ಯಕ್ಕಾಗಿ ಎತ್ತಿದ ಆ ಪುಟ್ಟ ಕೈ ಇನ್ನೂ ನನ್ನ ಕಣ್ಣ ಮುಂದಿದೆ. ನಮ್ಮ ತರಗತಿ ಈಗ ಸಂವಿಧಾನದ ಪಾಠಕ್ಕೆ ಬಂದಿದೆ. ಅದಿತಿ ಈಗ ತರಗತಿಗೆ ಬರುವುದಿಲ್ಲ, ಆದರೂ ಡೆಲವೇರ್ ಜಾಗಕ್ಕೆ ಬೇರೆ ಮಗುವನ್ನು ಹಾಕಲು ನನಗಿನ್ನೂ ಮನಸ್ಸು ಬಂದಿಲ್ಲ.