ಅಳಿಸಿಹೋದ ನಂಬರ್ ಓದುವ ಭೂತಗನ್ನಡಿ ಅಕ್ಕ

ಸೂರ್ಯ ಇನ್ನೂ ಎದುರಿನ ಗೋದಾಮಿನ ಚಾವಣಿ ದಾಟಿಲ್ಲ. ಹಳೆಯ ಲ್ಯಾಪ್‌ಟಾಪ್‌ಗಳ ಶೆಡ್ಡಿನ ಶಟರ್ ಅರ್ಧಕ್ಕೆ ಎದ್ದಿದೆ. ಒಳಗೆ, ಪೂರ್ವದ ಕಿಟಕಿಗೆ ಮುಖ ಮಾಡಿ, ಐವತ್ತೊಂದು ವರ್ಷದ ಹೆಂಗಸೊಬ್ಬರು ಸ್ಟೂಲಿನ ಮೇಲೆ ಕೂತಿದ್ದಾರೆ. ತೊಡೆಯ ಮೇಲೆ ಬೋರಲು ಮಲಗಿಸಿದ ಲ್ಯಾಪ್‌ಟಾಪ್. ಅಳುವ ಕೂಸನ್ನು ಸಮಾಧಾನ ಮಾಡುವವರ ಹಾಗೆ ಅದನ್ನು ಒಂದಿಷ್ಟು ಆ ಕಡೆ, ಒಂದಿಷ್ಟು ಈ ಕಡೆ ವಾಲಿಸುತ್ತಿದ್ದಾರೆ. ಅಷ್ಟರಲ್ಲಿ ಬಿಸಿಲಿನ ಮೊದಲ ಕೋಲು ಓರೆಯಾಗಿ ಬಂದು ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ಬೀಳುತ್ತದೆ. ಇಷ್ಟು ಹೊತ್ತು ನುಣ್ಣಗಿದ್ದ ಜಾಗದಲ್ಲಿ ಕೂದಲೆಳೆಯಂಥ ಗೀರುಗಳು ಎದ್ದು ನಿಲ್ಲುತ್ತವೆ.

"ಸಿಕ್ಬಿಟ್ಟ ಕಳ್ಳ!" ಎಂದು ಅವರು ತೊಡೆ ತಟ್ಟುತ್ತಾರೆ.

ಸಿಕ್ಕಿದ್ದು ಸೀರಿಯಲ್ ನಂಬರ್. ಜೀವವಿರುವ ಲ್ಯಾಪ್‌ಟಾಪ್ ತನ್ನ ನಂಬರನ್ನು ತಾನೇ ಪರದೆಯ ಮೇಲೆ ತೋರಿಸುತ್ತದೆ. ಸತ್ತದ್ದರ ಬಾಯಿ ಬಿಡಿಸುವುದು ಹೇಗೆ? ನಂಬರಿಲ್ಲದಿದ್ದರೆ ಅದಕ್ಕೆ ಯಾವ ಬಿಡಿಭಾಗ ಹೊಂದುತ್ತದೆಂದು ತಿಳಿಯದು, ಅದು ಯಾರದೆಂದೂ ತಿಳಿಯದು. ಅದಕ್ಕೇ ಶೆಡ್ಡಿನವರು ಇವರನ್ನು ಕೂರಿಸಿಕೊಂಡಿದ್ದಾರೆ. ಕೈಯಲ್ಲಿ ಸದಾ ಭೂತಗನ್ನಡಿ ಇರುವುದರಿಂದ ಬೀದಿಗೆಲ್ಲ ಇವರು ಭೂತಗನ್ನಡಿ ಅಕ್ಕ.

"ಟಾರ್ಚ್ ಇದೆ, ಆದ್ರೆ ಬೆಳಗಿನ ಬಿಸಿಲಿಗೆ ಅದು ಸಾಟಿ ಅಲ್ಲ. ನೆತ್ತಿ ಮೇಲಿನ ಬಿಸಿಲು ಎಲ್ಲಾನೂ ಮುಚ್ಚಿಡುತ್ತೆ. ಓರೆ ಬಿಸಿಲು ಚಾಡಿ ಹೇಳುತ್ತೆ" ಎನ್ನುತ್ತಾರೆ ಅಕ್ಕ. ಆ ಚಾಡಿಕೋರ ಬಿಸಿಲು ಕಿಟಕಿಯಲ್ಲಿರುವುದು ನಲವತ್ತು ನಿಮಿಷ ಮಾತ್ರ. ಕಷ್ಟದ ಗಿರಾಕಿಗಳನ್ನೆಲ್ಲ ಅವರು ಆ ಹೊತ್ತಿಗೇ ಎತ್ತಿಟ್ಟುಕೊಳ್ಳುತ್ತಾರೆ.

ಇದಕ್ಕೆ ಮುಂಚೆ ಅವರು ಹದಿನಾರು ವರ್ಷ ಒಂದು ಕಾರ್ಖಾನೆಯಲ್ಲಿ ರೇಡಿಯೋಗಳ ಬೆನ್ನಿಗೆ ನಂಬರಿನ ಚೀಟಿ ಅಂಟಿಸುತ್ತಿದ್ದರು. ಕಾರ್ಖಾನೆ ಮುಚ್ಚಿತು. ಎರಡು ವರ್ಷ ಮನೆಯಲ್ಲೇ ಕೂತರು. ಆಮೇಲೆ ಈ ಶೆಡ್ಡಿಗೆ ಧೂಳು ಒರೆಸಲು ಬಂದವರು, ಯಂತ್ರಗಳನ್ನು ತಿರುಗಿಸಿ ನೋಡುತ್ತ ನೋಡುತ್ತ ಹೊಸ ಕಸುಬು ಕಲಿತರು. "ಅಂಟಿಸ್ದೋಳೂ ನಾನೇ, ಹುಡುಕೋಳೂ ನಾನೇ. ಚೀಟಿ ಎಲ್ಲೆಲ್ಲಿ ಅಡಗುತ್ತೆ ಅಂತ ಅಂಟಿಸ್ದೋರಿಗೆ ಗೊತ್ತಿರಲ್ವಾ?"

ಮನೆಯವರಿಗೆ ಈ ಕೆಲಸ ಅರ್ಥವಾಗಲು ಕಾಲ ಹಿಡಿಯಿತು. ಸೀರಿಯಲ್ ನಂಬರ್ ನೋಡುವ ಕೆಲಸ ಎಂದು ಮೊದಲ ದಿನ ಹೇಳಿದಾಗ ಅತ್ತೆ ಕಣ್ಣರಳಿಸಿದರಂತೆ: "ಸೀರಿಯಲ್ ನೋಡೋದಕ್ಕೂ ಸಂಬಳ ಕೊಡ್ತಾರೇನೇ? ನನ್ನನ್ನೂ ಸೇರಿಸೇ ತಾಯಿ!"

ದಿನಕ್ಕೆ ಮೂವತ್ತು, ಮೂವತ್ತೈದು ಲ್ಯಾಪ್‌ಟಾಪ್‌ಗಳು ಅಕ್ಕನ ಕೈ ದಾಟುತ್ತವೆ. ಇಪ್ಪತ್ತರ ನಂಬರ್ ಹೊರಗೇ ಸಿಗುತ್ತದೆ. ಏಳೆಂಟರದ್ದು ಬ್ಯಾಟರಿಯ ಕೆಳಗೆ. ಉಳಿದವು ಜೀವ ಹಿಂಡುತ್ತವೆ. ಅಂಥವಕ್ಕೆ ಕೊನೆಯ ಉಪಾಯವೊಂದಿದೆ: ಬೋರ್ಡಿನ ಮೇಲಿನ ಪುಟ್ಟ ಚಿಪ್ಪಿಗೆ ಎಂಟು ಹಲ್ಲಿನ ಕ್ಲಿಪ್ ಕಚ್ಚಿಸಿ, ಅದರೊಳಗೆ ಬರೆದಿಟ್ಟ ನಂಬರನ್ನು ಬೇರೊಂದು ಕಂಪ್ಯೂಟರಿನಲ್ಲಿ ಓದುವುದು. ಸಂಜೆಯಾಗುವಷ್ಟರಲ್ಲಿ ಕಣ್ಣು ಉರಿಯುತ್ತದೆ, ಸ್ಕ್ರೂ ಬಿಚ್ಚಿ ಬಿಚ್ಚಿ ಬೆರಳ ತುದಿ ಸಿಪ್ಪೆ ಏಳುತ್ತದೆ. ಶುರುವಿನಲ್ಲೊಮ್ಮೆ ಎಂಟನ್ನು 'ಬಿ' ಎಂದು ಓದಿ, ಬೇರೆ ಯಾವುದೋ ಬೋರ್ಡ್ ಬಂದು, ಗಿರಾಕಿ ತಿಂಗಳಿಡೀ ಕಾಯಬೇಕಾಯಿತು. ಅವತ್ತಿನಿಂದ ಪ್ರತಿ ನಂಬರನ್ನೂ ಮೂರು ಸಲ ಗಟ್ಟಿಯಾಗಿ ಓದುತ್ತಾರೆ.

ಕಳೆದ ತಿಂಗಳು ನಡೆದ ಸಂಗತಿಯನ್ನು ಶೆಡ್ಡಿನವರು ಈಗಲೂ ಬಾಯಿ ಚಪ್ಪರಿಸಿಕೊಂಡು ಹೇಳುತ್ತಾರೆ. ಪಕ್ಕದ ಬೀದಿಯ ರಿಪೇರಿ ಅಂಗಡಿಯೊಂದು ಹೇಳದೆ ಕೇಳದೆ ಬಾಗಿಲು ಹಾಕಿತು. ಅಲ್ಲಿದ್ದ ಅರವತ್ತೆರಡು ಸತ್ತ ಲ್ಯಾಪ್‌ಟಾಪ್‌ಗಳನ್ನು ಕಟ್ಟಡದ ಮಾಲೀಕರು ಈ ಶೆಡ್ಡಿಗೆ ಸಾಗಹಾಕಿದರು. ಒಂದಕ್ಕೂ ಚೀಟಿಯಿಲ್ಲ. ಸುದ್ದಿ ತಿಳಿದು ಇಬ್ಬರು ಒಂದೇ ಬೆಳಿಗ್ಗೆ ಓಡಿಬಂದರು. ಈಜು ಕಲಿಸುವ ಟೀಚರ್ ಒಬ್ಬರು, ಬೇಕರಿಯ ತಾತ ಇನ್ನೊಬ್ಬರು. ಟೀಚರ್ ಕೈಯಲ್ಲಿ ನಂಬರಿರುವ ಹಳೆಯ ಡಬ್ಬ, ತಾತನ ಕೈಯಲ್ಲಿ ನಂಬರಿರುವ ಬಿಲ್ಲು. ರಾಶಿಯಿಂದ ಇಬ್ಬರೂ ಕೈಹಾಕಿ ಎಳೆದದ್ದು ಮಾತ್ರ ಒಂದೇ ಲ್ಯಾಪ್‌ಟಾಪ್!

"ಕೀಲಿಗಳ ಸಂದಿ ನೋಡಿ, ನನ್ನ ಬೇಕರಿ ಹಿಟ್ಟು" ಎಂದರು ತಾತ.

"ಹಿಟ್ಟಲ್ಲ ತಾತ, ಅದು ನಮ್ಮ ಕೊಳಕ್ಕೆ ಹಾಕೋ ಪುಡಿ" ಎಂದರು ಟೀಚರ್.

ಅದರೊಳಗಿನ ಡಿಸ್ಕಿನಲ್ಲಿ ತಾತನಿಗೆ ಬೇಕಾದದ್ದು ಬ್ರೆಡ್ಡಿನ ಅಳತೆಗಳು. ಮರುವಾರವೇ ಸ್ವಂತ ಬೇಕರಿ ತೆರೆಯಲಿದ್ದ ಮಗಳಿಗೆಂದು ಎರಡೇ ಬೆರಳಲ್ಲಿ ಒಂದು ವರ್ಷ ಕೂತು ಬರೆದದ್ದು. ಟೀಚರಿಗೆ ಬೇಕಾದದ್ದು ಹನ್ನೊಂದು ವರ್ಷಗಳಿಂದ ತಾವು ಕಲಿಸಿದ ಮಕ್ಕಳು ಮೊದಲ ಸಲ ನೀರಿಗಿಳಿದ ವಿಡಿಯೋಗಳು.

ಅಕ್ಕ ಇಬ್ಬರಿಗೂ ಕುರ್ಚಿ ಕೊಟ್ಟು ಚಿಪ್ಪಿಗೆ ಕ್ಲಿಪ್ ಕಚ್ಚಿಸಿದರು. ನಂಬರ್ ಟೀಚರ್ ಡಬ್ಬದ ನಂಬರಿಗೆ ಸರಿಹೋಯಿತು. ಟೀಚರ್ ಕುಣಿದುಬಿಟ್ಟರು. ತಾತ ರಾಶಿಯಲ್ಲಿ ತನ್ನದೆನ್ನುವಂಥ ಇನ್ನೊಂದು ಕಾಣದೆ, ಬಿಲ್ಲು ಮಡಚಿ ಜೇಬಿಗಿಟ್ಟುಕೊಂಡು, "ಹೋಗ್ಲಿ ಬಿಡಮ್ಮ, ಇನ್ನೊಂದು ವರ್ಷ ಕೂತು ಬರೆದ್ರಾಯ್ತು" ಎಂದು ಎದ್ದರು.

ಅಕ್ಕ ಕೀಲಿಗಳ ಸಂದಿಗೆ ಮೂಗು ಒಡ್ಡಿದರು. ಮೂಗಿಗೆ ಬಡಿದದ್ದಂತೂ ಹಿಟ್ಟಿನ ವಾಸನೆಯೇ. "ಇದು ನಾಳೆವರೆಗೂ ಇಲ್ಲೇ ಇರ್ಲಿ ಟೀಚರ್" ಎಂದು ಕೇಳಿ ಉಳಿಸಿಕೊಂಡರು. ಮರುದಿನ ಬೆಳಿಗ್ಗೆ ಬ್ಯಾಟರಿ ತೆಗೆದು, ಆ ಜಾಗವನ್ನು ಓರೆ ಬಿಸಿಲಿಗೆ ಹಿಡಿದರು. ಅಲ್ಲಿ ಮಸುಕಾಗಿ ಎದ್ದ ನಂಬರ್ ತಾತನ ಬಿಲ್ಲಿನದು!

"ಓದೋದ್ರಲ್ಲಿ ತಪ್ಪಾಯ್ತೇನಕ್ಕ?" ಎಂದರು ಶೆಡ್ಡಿನ ಯಜಮಾನರು. ಅಕ್ಕ ಚಿಪ್ಪಿಗೆ ಮತ್ತೆ ಕ್ಲಿಪ್ ಕಚ್ಚಿಸಿದರು. ಮೂರು ಸಲ ಓದಿದರು, ಮತ್ತೆ ಮೂರು ಸಲ ಓದಿದರು. ತಪ್ಪಿರಲಿಲ್ಲ. ಆಗ ಹೊಳೆಯಿತು: ರಿಪೇರಿಯವನು ಒಂದರ ಬೋರ್ಡನ್ನು ಇನ್ನೊಂದಕ್ಕೆ ಹಾಕಿ ಪರೀಕ್ಷಿಸಿ, ಹಾಗೇ ಬಿಟ್ಟಿದ್ದಾನೆ. ರುಂಡ ಒಂದರದು, ಮುಂಡ ಇನ್ನೊಂದರದು.

"ಅಣ್ಣ, ಇಲ್ಲಿ ಅದಲು ಆಗಿದೆ ಅಂದ್ರೆ ಬದಲು ಈ ರಾಶೀಲೇ ಎಲ್ಲೋ ಇರ್ಬೇಕು" ಎಂದು ಸ್ಕ್ರೂಡ್ರೈವರ್ ಎತ್ತಿಕೊಂಡರು.

ಒಂದೇ ಸಮನೆ ನಾಲ್ಕು ಬೆಳಿಗ್ಗೆ ಹುಡುಕಿದರು. ನಾಲ್ಕನೆಯ ದಿನ, ನಲವತ್ತಮೂರನೆಯ ಲ್ಯಾಪ್‌ಟಾಪ್. ಬ್ಯಾಟರಿಯ ಕೆಳಗೆ ಟೀಚರ್ ನಂಬರ್, ಚಿಪ್ಪಿನಲ್ಲಿ ತಾತನ ನಂಬರ್. ಡಿಸ್ಕುಗಳು ಅವರವರ ಮುಂಡದಲ್ಲೇ ಇದ್ದವು. ಇಬ್ಬರಿಗೂ ಫೋನ್ ಹೋಯಿತು. ಡಿಸ್ಕುಗಳನ್ನು ಬೇರೆ ಕಂಪ್ಯೂಟರಿಗೆ ಸಿಕ್ಕಿಸಿದಾಗ ಶೆಡ್ಡಿನವರೆಲ್ಲ ಕೆಲಸ ಬಿಟ್ಟು ಸುತ್ತ ನಿಂತರು. ತಾತ ಉಪ್ಪಿನ ಅಳತೆಯಿಂದ ಹಿಡಿದು ಒಂದೊಂದನ್ನೇ ಗಟ್ಟಿಯಾಗಿ ಓದಿದರು. ಟೀಚರ್ ತೋರಿಸಿದ ವಿಡಿಯೋದಲ್ಲಿ ಪುಟ್ಟ ಹುಡುಗಿಯೊಬ್ಬಳು ಮೂಗು ಹಿಡಿದು ನೀರಿಗೆ ಧುಮುಕಿದಾಗ ತಾತನೇ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಅಕ್ಕ ಸೆರಗಿನಲ್ಲಿ ಭೂತಗನ್ನಡಿ ಒರೆಸುತ್ತ ನಿಂತಿದ್ದರು. ಒರೆಸಬೇಕಾಗಿದ್ದದ್ದು ಕಣ್ಣು.

ಮಗಳ ಬೇಕರಿಯ ಮೊದಲ ಬ್ರೆಡ್ ಶೆಡ್ಡಿಗೇ ಬಂತು. ಟೀಚರ್ ಏನು ಕೊಡಲೆಂದು ಯೋಚಿಸಿ ಯೋಚಿಸಿ, ಕೊನೆಗೆ ಅಕ್ಕನ ಕೈ ಹಿಡಿದು ಕೊಳಕ್ಕೇ ಕರೆದೊಯ್ದರು. ಈಗ ಭಾನುವಾರ ಅಕ್ಕ ಈಜು ಕಲಿಯುತ್ತಾರೆ, ಆರು ವರ್ಷದ ಮಕ್ಕಳ ಸಾಲಿನಲ್ಲಿ, ಎಲ್ಲರಿಗಿಂತ ಹಿಂದೆ.

"ಮೊದಲ ದಿನ ಕಂಬಿ ಬಿಡ್ಲೇ ಇಲ್ಲ. ಮಕ್ಕಳೆಲ್ಲ 'ಬಿಡಿ ಆಂಟಿ, ಬಿಡಿ ಆಂಟಿ' ಅಂತ ಕೂಗೋರು" ಎಂದು ನಗುತ್ತಾರೆ. "ಹೋದ ವಾರ ಅರ್ಧ ಕೊಳ ದಾಟ್ದೆ ನೋಡಿ. ಆ ಕಡೆ ಗೋಡೆ ಒಂದ್ಸಲ ಮುಟ್ಬೇಕು. ಯಾರ ಕೈಯೂ ಹಿಡೀದೆ."