‘ಸೇರಿತು’ ಎನ್ನುವವರೆಗೆ ಏಳದ ಲೈನಕ್ಕ

ಬೆಳಕು ಹರಿಯುವ ಹೊತ್ತು. ಆಸ್ಪತ್ರೆಯ ರಕ್ತಪರೀಕ್ಷೆ ಕೋಣೆಯ ಹಿಂದೆ, ಹಳೆಯ ಕಂಪ್ಯೂಟರಿನ ಮುಂದೆ, ಮಫ್ಲರ್ ಸುತ್ತಿಕೊಂಡು ಅವರು ಕೂತಿದ್ದಾರೆ. ಮೌಸ್ ಇಲ್ಲ, ಚಿತ್ರಗಳಿಲ್ಲ. ಕಪ್ಪು ಪರದೆಯ ಮೇಲೆ ಒಂದು ಸಾಲು ಆಜ್ಞೆ ಟೈಪು ಮಾಡಿ, ಎಂಟರ್ ಒತ್ತಿ, ಕೈಕಟ್ಟಿ ಕಾಯುತ್ತಾರೆ. ಎಲ್ಲರ ಬಾಯಲ್ಲೂ ಇವರು ಲೈನಕ್ಕ.

ಬೆಟ್ಟದ ಮೇಲಿನ ಚಿಕಿತ್ಸಾಲಯಕ್ಕೆ ಇಂಟರ್ನೆಟ್ ಹತ್ತಿಲ್ಲ. ನಡುದಾರಿಯ ಊರಿನವರೆಗೆ ಒಂದು ಟೆಲಿಫೋನ್ ತಂತಿ, ಅಲ್ಲಿಂದ ಮೇಲಕ್ಕೆ ಇನ್ನೊಂದು. ಎರಡೂ ಒಟ್ಟಿಗೆ ಸರಿಯಿದ್ದ ದಿನ ಅಪರೂಪ. ಹಾಗಾಗಿ ವರದಿ ಮೊದಲು ಇಲ್ಲೇ ಸರತಿಯಲ್ಲಿ ಕಾಯುತ್ತದೆ. ಲೈನ್ ಸಿಕ್ಕಾಗ ನಡುದಾರಿಯ ಕಂಪ್ಯೂಟರಿಗೆ ಹೋಗಿ ತಂಗುತ್ತದೆ. ಮುಂದಿನ ಲೈನ್ ಸಿಕ್ಕಾಗ ಬೆಟ್ಟ ಹತ್ತುತ್ತದೆ. ‘ಅಲ್ಲಿ ಮುದ್ರಿಸು’ ಎಂಬ ಆಜ್ಞೆಯೂ ಜೊತೆಗೇ ಹೋಗುವುದರಿಂದ ಮೇಲಿನ ಪ್ರಿಂಟರು ತಾನಾಗಿಯೇ ಕೆಲಸಕ್ಕೆ ಇಳಿಯುತ್ತದೆ.

ಹೊಸತರಲ್ಲಿ ಒಮ್ಮೆ, ಪರದೆಯ ಮೇಲೆ ‘ಹೋಯಿತು’ ಎಂದು ಕಂಡದ್ದೇ ಲೈನಕ್ಕ ಮನೆಗೆ ಹೊರಟಿದ್ದರಂತೆ. ವರದಿ ನಡುದಾರಿಯಲ್ಲೇ ಬಿದ್ದಿತ್ತು. ಮೇಲೆ ಬಾಣಂತಿಯೊಬ್ಬಳು ಜ್ವರದಲ್ಲಿ ನರಳುತ್ತಾ ಕಾದಳು. ಬದುಕಿಕೊಂಡಳು, ಪುಣ್ಯ.

“ನಮ್ಮನೆ ಬಿಟ್ತು ಅಂದ್ರೆ ಅವರ ಮನೆ ಸೇರ್ತು ಅಂತ ಅಲ್ಲ ನೋಡಿ. ಅವತ್ತಿಂದ ಇನ್ನೊಂದು ಆಜ್ಞೆ ಸೇರಿಸ್ತೀನಿ. ಪ್ರಿಂಟ್ ಆದ್ಮೇಲೆ ಅಲ್ಲಿಂದ ನಂಗೊಂದು ಮಾತು ವಾಪಸ್ ಬರ್ಬೇಕು. ಬರೋ ತನಕ ಏಳಲ್ಲ.”

“ಕಾಯೋದಕ್ಕೂ ಸಂಬಳ ಕೊಡ್ತಾರಲ್ಲ, ಅದೃಷ್ಟವಂತೆ!” ಎಂದು ಮನೆಯಲ್ಲಿ ಅತ್ತೆ ಗೇಲಿ ಮಾಡುತ್ತಾರೆ. ನಸುಕಿನಲ್ಲೆದ್ದು ಬುತ್ತಿ ಕಟ್ಟಿಕೊಡುವವರೂ ಅವರೇ.

ಇವತ್ತು ಸರತಿಯಲ್ಲಿರುವುದು ಬೆಟ್ಟದ ಮೇಲಿನ ಹಸುಗೂಸೊಂದರ ರಕ್ತದ ವರದಿ. ಸೋಂಕಿದ್ದರೆ ಬೆಳಗಿನ ಜೀಪಿನಲ್ಲೇ ಕೂಸನ್ನು ಕೆಳಗೆ ತರಬೇಕು. ಇಲ್ಲದಿದ್ದರೆ ಈ ಚಳಿಯಲ್ಲಿ ಹೊರಡಿಸುವುದೇ ಅಪಾಯ. ವರದಿಯಲ್ಲಿ ಸೋಂಕಿಲ್ಲ. ಅದು ಮೇಲಿನವರಿಗೆ ಗೊತ್ತಾಗಬೇಕಲ್ಲ!

“ಫೋನ್ ಮಾಡಿಬಿಡಿ ಅಕ್ಕಾ,” ರಕ್ತ ಪರೀಕ್ಷಿಸಿದವನು ಚಡಪಡಿಸುತ್ತಾನೆ.

“ಫೋನು ಮಾಡಿದ್ರೂ ನಡುದಾರಿ ತನಕ ತಾನೇ ಕಣಪ್ಪಾ? ನಾನು ಮಾತಾಡ್ತಾ ಕೂತ್ರೆ ವರದಿಗೆ ಆ ತಂತೀನೂ ಸಿಗಲ್ಲ.”

ಮಾತು ಗಟ್ಟಿ, ಬೆರಳುಗಳು ಮಾತ್ರ ಮಫ್ಲರಿನ ತುದಿ ಹಿಂಡುತ್ತಿವೆ.

ಕಿಟಕಿಗೆ ಬಿಸಿಲು ಬಂದ ಮೇಲೆ ಪರದೆಯಲ್ಲಿ ಒಂದು ಸಾಲು ಮೂಡುತ್ತದೆ: ಮುದ್ರಣವಾಯಿತು. ಸ್ವಲ್ಪ ಹೊತ್ತಿಗೆ ಮೇಲಿನ ನರ್ಸಮ್ಮನ ಮಾತು: ‘ಜೀಪು ಖಾಲಿ ಕಳಿಸಿದೆವು. ಕೂಸು ಹಾಲು ಕುಡಿಯುತ್ತಿದೆ.’ ಲೈನಕ್ಕ ಕಣ್ಣೊರೆಸಿಕೊಳ್ಳುತ್ತಾರೆ.

ಇಷ್ಟು ವರ್ಷಗಳಲ್ಲಿ ಆ ನರ್ಸಮ್ಮನ ಮುಖವನ್ನು ಇವರು ಕಂಡಿಲ್ಲ, ಬೆಟ್ಟ ಹತ್ತಿಲ್ಲ. ಏನಾದರೂ ಆಸೆಯಿದೆಯೇ ಎಂದರೆ ನಾಚುತ್ತಾರೆ.

“ಒಂದು ಬೆಳಿಗ್ಗೆ ಅಲ್ಲಿ ಹೋಗಿ ಸುಮ್ನೆ ಕೂರ್ಬೇಕು. ಇಲ್ಲಿಂದ ವರದಿ ಬೇರೆ ಯಾರಾದ್ರೂ ಕಳಿಸ್ಲಿ. ಆ ಪ್ರಿಂಟರು ಸದ್ದು ಮಾಡೋದನ್ನ ಒಂದೇ ಒಂದ್ಸಲ ಕಿವಿಯಾರೆ ಕೇಳ್ಬೇಕು.”